ಊನವಿಲ್ಲದ ಎಲೆ

“ದೊಡ್ಡ ಗುರುಗಳ ಚರಿತ್ರೆಯಲ್ಲಿ ಅವರ ಸಿಟ್ಟನ್ನೂ ಬರೆಯಬೇಕೆ?” ಎಂದು ಶಿಷ್ಯ ತನ್ನ ಗುರುಗಳನ್ನು ಕೇಳಿದ. ದೊಡ್ಡ ಗುರುಗಳು ತೀರಿಕೊಂಡು ಮೂರು ವರ್ಷವಾಗಿತ್ತು. ಆ ಒಂದು ಪುಟವನ್ನು ಬರೆದು, ಹೊಡೆದುಹಾಕಿ, ಮತ್ತೆ ಬರೆದು ಅವನಿಗೆ ಸಾಕಾಗಿತ್ತು. ಓದುವವರ ಭಕ್ತಿ ಕುಂದಬಾರದು, ಬಿಟ್ಟುಬಿಡಲು ಅಪ್ಪಣೆ ಕೊಟ್ಟರೆ ಪುಸ್ತಕ ಮುಗಿಯುತ್ತದೆ ಎಂದ.

ಗುರುಗಳು ಗೋಡೆಗೆ ಒರಗಿ ಕುಳಿತು ಹೇಳಿದರು:

ಒಬ್ಬ ಚಿತ್ರಗಾರನಿದ್ದ. ಅವನ ಮನೆತನದವರು ದೇವರ ಪಟ ಬರೆಯುವವರು. ದೇವರ ಒಂದು ಬೆರಳು ಊನವಾದರೂ ಆ ಪಟ ಪೂಜೆಗೆ ಬಾರದು ಎಂಬುದು ಅವರ ಕಟ್ಟಳೆ. ಪಟ ಕೇಳುವವರು ಇಲ್ಲದಾದಾಗ ಅವನು ಒಬ್ಬ ಬಿಳಿಯ ವೈದ್ಯನ ಬಳಿ ಕೆಲಸಕ್ಕೆ ಸೇರಿದ. ಬೆಟ್ಟದ ಮದ್ದಿನ ಗಿಡಗಳನ್ನೆಲ್ಲ ಬರೆಸಿ ಪುಸ್ತಕ ಮಾಡಬೇಕೆಂದು ವೈದ್ಯನ ಆಸೆ. ಸೊಪ್ಪು ತರುವ ಹೆಂಗಸೊಬ್ಬಳು ದಿನವೂ ಬಂದು ಬುಟ್ಟಿ ಇಳಿಸುತ್ತಿದ್ದಳು. ಬಣ್ಣ ಒಣಗುವ ಮೊದಲೇ ಗಿಡ ಬಾಡುತ್ತಿತ್ತು. ಹನ್ನೊಂದು ವರ್ಷ ಅವನು ಹೀಗೆ ಬರೆದ. ಕಣ್ಣು ಮಂಜಾಯಿತು.

ಒಮ್ಮೆ ಅವಳು ಜ್ವರದ ಸೊಪ್ಪು ತಂದಳು. ಎಲೆಗಳನ್ನೆಲ್ಲ ಹುಳು ತಿಂದು ತೂತು ಮಾಡಿತ್ತು. ಅವನು ತೂತುಗಳನ್ನು ತುಂಬಿ ಬರೆದ.

“ತೂತೆಲ್ಲಿ ಹೋದವಣ್ಣ?” ಎಂದಳು ಅವಳು.

“ಊನ ಬರೆದರೆ ನಮ್ಮಪ್ಪ ಕೈ ಮುರಿಯುತ್ತಿದ್ದ.”

“ಇದೇನು ನಿನ್ನ ಮನೆದೇವರೇ? ಸೊಪ್ಪು,” ಎಂದು ನಕ್ಕು ಅವಳು ಬುಟ್ಟಿ ಎತ್ತಿಕೊಂಡು ಹೋದಳು.

ಪುಸ್ತಕ ಮುಗಿಸಿ ವೈದ್ಯ ತನ್ನ ದೇಶಕ್ಕೆ ಹೋದ. ಕರಡು ಹಾಳೆಗಳು ಚಿತ್ರಗಾರನಲ್ಲೇ ಉಳಿದವು.

ಮುಂದೊಂದು ವರ್ಷ ಊರಿಗೆ ಜ್ವರ ಬಂತು. ಅವನ ಮಗಳೂ ಮಲಗಿದಳು. ಸೊಪ್ಪಿನವಳು ಆಗ ತವರಿಗೆ ಹೋಗಿದ್ದಳು. ಅವನು ತಾನು ಬರೆದ ಹಾಳೆಯನ್ನು ಹಿಡಿದು ಬೆಟ್ಟ ಹತ್ತಿದ. ಮೊದಲು ಕಂಡದ್ದು ಹುಳು ತಿಂದ ಗಿಡ. ಮಗಳಿಗೆ ಇಂಥದ್ದನ್ನು ಕೊಡಲೇ ಎಂದು ಮುಂದೆ ನಡೆದ. ಸ್ವಲ್ಪ ದೂರದಲ್ಲಿ, ಹಾಳೆಯಲ್ಲಿ ಇದ್ದ ಹಾಗೆಯೇ, ಎಲ್ಲ ಎಲೆ ಇಡಿಯಾಗಿದ್ದ ಗಿಡ ಸಿಕ್ಕಿತು. ಕಿತ್ತು ತಂದು ಕಷಾಯ ಮಾಡಿ ಕುಡಿಸಿದ. ಸಂಜೆಯೊಳಗೆ ಮಗಳು ತೀರಿಕೊಂಡಳು.

ಸೊಪ್ಪಿನವಳು ಊರಿಗೆ ಮರಳಿದ ಮೇಲೆ ಅವನ ಮನೆಗೆ ಬಂದಳು. ಅಂಗಳದಲ್ಲಿ ಬಿದ್ದಿದ್ದ ಒಂದು ಎಲೆಯನ್ನು ಎತ್ತಿ ನೋಡಿದಳು.

“ಇದು ಅದೇ ಥರ ಕಾಣುತ್ತದೆ, ಅಣ್ಣ. ಆದರೆ ವಿಷ. ಇದನ್ನು ಹುಳುವೂ ಮುಟ್ಟುವುದಿಲ್ಲ,” ಎಂದಳು.

ಗುರುಗಳು ಕಣ್ಣು ಮುಚ್ಚಿದರು. ಶಿಷ್ಯ, ತಾನು ಕೇಳಿದ್ದು ದೊಡ್ಡ ಗುರುಗಳ ವಿಚಾರ ಎಂದು ನೆನಪಿಸಿದ.

“ನಿನ್ನ ಪುಸ್ತಕ ಹಿಡಿದು ಗುರುವನ್ನು ಹುಡುಕಲು ಹೊರಟವರಿಗೆ ಯಾರು ಸಿಗುತ್ತಾರಪ್ಪ?” ಎಂದರು ಗುರುಗಳು.