ಮೊದಲ ದಿನದ ಬಿಟ್ಟಿ ದೋಸೆ

ದಾವಣಗೆರೆಯ ದೋಸೆ ಹೋಟೆಲಿನ ಹಾಲಮ್ಮನಿಗೆ ಮಹಡಿ ಮೇಲಿನ ಕಂಪನಿಯವರು ಮುಖದ ಕ್ರೀಮು ಕೊಟ್ಟರು. ಮೊದಲ ತಿಂಗಳು ಬಿಟ್ಟಿ, ಕಾರ್ಡ್ ನಂಬರ್ ಕೊಟ್ಟರೆ ಸಾಕು ಅಂದರು. ಎರಡನೇ ತಿಂಗಳಿಂದ ಕಾರ್ಡಿನಿಂದ ಒಂಬೈನೂರು ರೂಪಾಯಿ ತಾನಾಗಿ ಹಾರತೊಡಗಿತು.

ಕೇಳಲು ಹೋದರೆ ಮ್ಯಾನೇಜರ್ ಸುಧನ್ವ ನಕ್ಕ. "ನೀವು ಬೇಡ ಅನ್ನಲಿಲ್ಲ ಅಂದ್ರೆ ಬೇಕು ಅಂತಲೇ ಅರ್ಥ, ಅಮ್ಮಾ. ಶರತ್ತು ಡಬ್ಬಿಯ ತಳದಲ್ಲಿದೆ."

"ಹೌದೇನಪ್ಪಾ," ಎಂದು ಹಾಲಮ್ಮ ಇಳಿದು ಬಂದಳು.

ಮರುದಿನ ಮೇಲಿನ ಕಂಪನಿಯ ಹತ್ತು ಜನಕ್ಕೂ ಬೆಣ್ಣೆದೋಸೆ ಹೋಯಿತು, ಬಿಟ್ಟಿ. ಆಮೇಲೂ ದಿನಾ ಹೋಯಿತು. ಎಲ್ಲರೂ ಬೆರಳು ನೆಕ್ಕಿದರು. ಏಳನೇ ದಿನ ದೋಸೆಯ ಜೊತೆ ಬಿಲ್ಲೂ ಹೋಯಿತು.

ಸುಧನ್ವ ದಡದಡ ಇಳಿದು ಬಂದ. "ನಾವು ಕೇಳಿದ್ವಾ?"

"ಬೇಡ ಅಂದ್ರಾ? ಶರತ್ತು ದೋಸೆ ಕಟ್ಟಿದ ಕಾಗದದಲ್ಲೇ ಇತ್ತಲ್ಲಪ್ಪಾ, ಬೆಣ್ಣೆಯ ಅಡಿಯಲ್ಲಿ."

"ನಾಳೆಯಿಂದ ಬೇಡ!"

"ಬೇಡ ಅನ್ನೋಕೆ ಬೆಳಗಿನ ಜಾವ ನಾಲ್ಕಕ್ಕೆ, ನಾನು ಒಲೆ ಹಚ್ಚೋವಾಗ ಬರಬೇಕು. ಅದೂ ಅಲ್ಲೇ ಬರೆದಿದೆ."

ಹೋಟೆಲೆಲ್ಲ ಗೊಳ್ಳೆಂದಿತು. ಸಂಜೆಯೊಳಗೆ ಹಾಲಮ್ಮನ ದುಡ್ಡು ವಾಪಸಾಯಿತು. ಅವಳೂ ಬಿಲ್ಲು ಹರಿದಳು.

ಮರುದಿನ ಸುಧನ್ವ ಮೆಟ್ಟಿಲಿಂದ ಇಣುಕಿದ. "ಅಮ್ಮಾ, ಇವತ್ತು ದೋಸೆ ಬರಲೇ ಇಲ್ವಲ್ಲಾ?"

"ಬರುತ್ತಪ್ಪಾ," ಅಂದಳು ಹಾಲಮ್ಮ. "ಮೊದಲು ನಿನ್ನ ಕಾರ್ಡ್ ನಂಬರ್ ಹೇಳು."