ಭುಜದ ಮೇಲೆ ನಕ್ಷತ್ರವಿಲ್ಲದ ಕೆಂಚಿ

ಢಂಢಂ ಅಂತ ಡಂಗುರ ಬಿತ್ತು ನೋಡಿ, ಇಡೀ ಹಂಸಾಪುರ ಬೀದಿಗೆ ಬಂತು!

"ಕೇಳ್ರಪ್ಪೋ ಕೇಳಿ! ಕೆರೆಗೆ ನೀರು ಬರೋ ಗವಿಬಾಯಿಗೆ ರಾಕ್ಷಸ ಅಡ್ಡ ಕೂತವ್ನೆ! ಅವನ ಮೂರು ಒಗಟು ಬಿಡಿಸಿದ್ರೆ ಎದ್ದು ಹೋಗ್ತಾನೆ, ತಪ್ಪಿದ್ರೆ ಕಲ್ಲು ಮಾಡ್ತಾನೆ! ಹುಟ್ಟುತ್ತಲೇ ಭುಜದ ಮೇಲೆ ನಕ್ಷತ್ರದ ಮಚ್ಚೆ ಇದ್ದ ವೀರನೇ ಗೆಲ್ಲೋದು ಅಂತ ಜೋಯಿಸರು ಹೇಳವ್ರೆ. ಗೆದ್ದೋರಿಗೆ ಅರ್ಧ ರಾಜ್ಯ!"

ಅಂಥ ನಕ್ಷತ್ರ ಯಾರಿಗಿರುತ್ತೆ ಹೇಳಿ? ಎಲ್ರೂ ಓಡಿದ್ದು ಹಚ್ಚೆ ಹಾಕೋ ಕೆಂಚಿ ಮನೆಗೆ! ರಾಜಕುಮಾರರು ಮುಖ ಮುಚ್ಕೊಂಡು ಹಿತ್ತಲ ಬಾಗಿಲಿಂದ ಬರೋರು, "ಅಯ್ಯಯ್ಯೋ, ಮೆಲ್ಲಗೆ ಚುಚ್ಚೇ!" ಅಂತ ಕಿರುಚೋರು. ಅವಳಣ್ಣ ಬೊಮ್ಮನೂ "ನಂಗೂ ಒಂದು ಹಾಕೇ" ಅಂದ. ತಮಾಷೆ ಅಂದ್ಕೊಂಡು ಹಾಕಿದ್ಲು. ಅವನು ನಿಜವಾಗ್ಲೂ ಗವಿಗೆ ಹೋದ. ಕಲ್ಲಾದ.

"ನನ್ನ ಸೂಜಿಯಿಂದ ಹೋದ, ನಾನೇ ಕರ್ಕೊಂಡು ಬರ್ತೀನಿ" ಅಂತ ಕೆಂಚಿ ಹೊರಟೇಬಿಟ್ಲು!

ಗವಿ ಮುಂದೆ ಕಲ್ಲುಗಳೋ ಕಲ್ಲುಗಳು. ಎಲ್ಲವೂ ಭುಜ ಮುಚ್ಕೊಂಡು ನಿಂತಿವೆ! ಅವಳಿಗಿಂತ ಮುಂದೆ ಇನ್ನೂ ಇಬ್ಬರು ರಾಜಕುಮಾರರು.

"ಬರುವಾಗ ಅಳು ತರಿಸುತ್ತೆ, ಬಂದ್ಮೇಲೆ ತೊಳೆದ್ರೂ ಹೋಗಲ್ಲ, ಕಳ್ಳ ಕದಿಯಲ್ಲ, ಸತ್ರೂ ಮೈ ಬಿಡಲ್ಲ. ಏನದು?" ಅಂದ ರಾಕ್ಷಸ.

ಮೊದಲನೆಯವನ ಕೈ ಭುಜಕ್ಕೆ ಹೋಯ್ತು. ಉತ್ತರ ಗೊತ್ತು ಕಣ್ರೀ ಅವನಿಗೆ! ಆದ್ರೆ ಹೇಳಿದ್ರೆ ಗುಟ್ಟು ರಟ್ಟಾಗುತ್ತಲ್ಲ! "ಕೀ... ಕೀರ್ತಿ" ಅಂದ. ಕಲ್ಲು!

"ಹಲ್ಲು!" ಅಂದ ಎರಡನೆಯವನು.

"ನಿಮ್ಮಜ್ಜನ ಬಾಯಿ ನೋಡಿಲ್ವೇನೋ?" ಕಲ್ಲು!

ಕೆಂಚಿ ಮುಂದೆ ಬಂದ್ಲು. "ಹಚ್ಚೆ. ಇಲ್ಲಿ ನಿಂತಿರೋರಿಗೆಲ್ಲ ನಾನೇ ಹಾಕಿದ್ದು."

ರಾಕ್ಷಸ ಹುಬ್ಬೇರಿಸಿದ. "ಇಲ್ಲ ಇಲ್ಲ ಅಂದಷ್ಟೂ ಬೆಳೆಯುತ್ತೆ, ಇದೆ ಅಂತ ಒಪ್ಕೊಂಡ್ರೆ ಸಣ್ಣಗಾಗುತ್ತೆ. ಏನದು?"

"ಭಯ ಕಣಯ್ಯ! ನೋಡು, ನನ್ನ ಮಂಡಿ ಹೆಂಗೆ ನಡುಗ್ತಿದೆ!" ಅಂದ್ಲು. ಅಂದಮೇಲೆ ನಡುಕ ಒಂಚೂರು ಕಮ್ಮಿಯಾಯ್ತು.

"ಕೊನೇದು. ಜಾತಕ ನಿನ್ನ ಆರಿಸ್ಲಿಲ್ಲ, ರಾಜನೂ ಆರಿಸ್ಲಿಲ್ಲ. ಆದ್ರೂ ಒಬ್ರು ಆರಿಸವ್ರೆ, ಬಾಯಿಬಿಟ್ಟು ಕರೀಲೂ ಇಲ್ಲ. ಯಾರು?"

ಕೆಂಚಿ ಸುತ್ತ ನೋಡಿದ್ಲು. ಬೊಮ್ಮ ಕಂಡ. ಕಲ್ಲಾದ್ರೂ ಅದೇ ಪೆದ್ದು ಮುಖ.

"ನಮ್ಮಣ್ಣ" ಅಂದ್ಲು. "ನಾನು ಬರ್ದೇ ಇದ್ರೆ ಅವನಿಗೆ ಯಾರೂ ಇಲ್ಲ. ಅವನೇ ನನ್ನ ಆರಿಸಿದ್ದು."

ರಾಕ್ಷಸ ಎದ್ದ! ನೀರು ಭೋರ್ ಅಂತ ನುಗ್ತು! ಕಲ್ಲುಗಳೆಲ್ಲ ಕೆಮ್ಮುತ್ತಾ ಮನುಷ್ಯರಾದ್ವು. "ಲೇ ಕೆಂಚಿ, ಭುಜ ಇನ್ನೂ ಉರೀತಿದೆ ಕಣೇ" ಅಂದ ಬೊಮ್ಮ!

ಅರಮನೇಲಿ ಅರ್ಧ ರಾಜ್ಯದ ಪತ್ರಕ್ಕೆ ಮುದ್ರೆ ಬಿತ್ತು. ಜೋಯಿಸರು ಮಾತ್ರ ಬಿಡ್ಲಿಲ್ಲ. "ನಕ್ಷತ್ರ ತೋರ್ಸಮ್ಮ!"

ಕೆಂಚಿ ರವಿಕೆ ತೋಳು ಮೇಲಕ್ಕೆ ಮಡಚಿದ್ಲು. ಸೂಜಿ ಹಿಡಿಯೋದು ಕಲಿಯುವಾಗ ತನಗೆ ತಾನೇ ಚುಚ್ಕೊಂಡ ಏಳು ಬೊಟ್ಟು, ಸೊಟ್ಟಸೊಟ್ಟಗೆ. ಅಷ್ಟೇ.

ರಾಜ ಸಿಂಹಾಸನದಿಂದ ಇಳಿದು ಕೈ ಚಾಚಿದ. "ನಂಗೂ ಇದೇ ಹಾಕಮ್ಮ."

"ಹಾಕ್ತೀನಿ ಬುದ್ಧಿ" ಅಂತ ಕೆಂಚಿ ತಲೆ ಎತ್ತಿ ನಕ್ಕಳು, "ಆದ್ರೆ ಕಿರುಚಬಾರ್ದು!"