ಸಾಕು ಅಂದ್ರೂ ಬಂದ ಟಗರು

ಒಂದಾನೊಂದು ಕಾಲದಲ್ಲಿ, ನಿಮ್ಮ ಮುತ್ತಾತಂಗೂ ಹಲ್ಲು ಮೂಡಿರ್ಲಿಲ್ಲ ಬಿಡು, ಆಗ ಚೌಡಪ್ಪ ಅಂತ ಒಬ್ಬ ಇದ್ದನಂತೆ. ಅವನಿಗೆ ಮೂರು ಹೆಣ್ಣುಮಕ್ಕಳು, ಕೆಂಚಮ್ಮ, ಮಾಳಮ್ಮ, ಕೊನೇಳು ಪುಟ್ಟೀರಿ. ತಾಯಿಲ್ಲದ ಮಕ್ಕಳು ಅಂತ ಅಂಗೈಲಿಟ್ಕೊಂಡು ಬೆಳೆಸಿ, ಮೂವರನ್ನೂ ಒಳ್ಳೇ ಮನೆಗೆ ಕೊಟ್ಟನಂತೆ. ಆಮೇಲೆ ಅವನಿಗೊಂದು ಚಿಂತೆ ಹತ್ಕೊಂತು. ಮಗಳ ಮನೆಗೆ ಅಪ್ಪ ಬರಿಗೈಲಿ ಹೋಗಬಾರದಲ್ಲ, ಏನು ಕೊಡೋದು? ಯೋಚನೆ ಮಾಡಿ ಮಾಡಿ, ಯುಗಾದಿಗೆ ಒಬ್ಬೊಬ್ಬಳಿಗೆ ಒಂದೊಂದು ಟಗರು ಹೊಡ್ಕೊಂಡು ಹೋದನಂತೆ. ಏನು ಟಗರು ಅಂತೀಯ! ಕಂಡೋರನ್ನೆಲ್ಲ ಗುಮ್ಮೋದೇ ಅದರ ಕೆಲಸ.

ಕೆಂಚಮ್ಮನ ಮನೇಲಿ ಅಂಗಳದ ತುಂಬ ಹಪ್ಪಳ ಒಣಗಾಕಿದ್ರು, ಟಗರು ಅದರ ಮೇಲೇ ಕುಣೀತಂತೆ. ಹೆಂಗಿದೆ ಮಗಳೇ ಅಂತ ಅಪ್ಪ ಕೇಳಿದ. ಬೇಜಾರು ಮಾಡ್ಕೊಂಡಾನು ಅಂತ ಅವಳು, ಚಿನ್ನದಂಥ ಟಗರಪ್ಪ ಅಂದ್ಲಂತೆ. ಮುಂದಿನ ಯುಗಾದಿಗೆ ಎರಡು ಬಂದ್ವು! ಮಾಳಮ್ಮನ ಮನೇಲಿ ಟಗರು ಅವಳ ಅತ್ತೇನೇ ಗುಮ್ಮಿ ತಿಪ್ಪೆಗೆ ಕೆಡವ್ತಂತೆ. ಅತ್ತೆ ತಿಪ್ಪೇಲಿ ಬಿದ್ದು ಬೊಬ್ಬೆ ಹೊಡೀತಿದ್ರೆ ಇವಳು ಅಪ್ಪನ ಮುಂದೆ, ನಮ್ಮತ್ತೆಗೆ ಟಗರು ಅಂದ್ರೆ ಪ್ರಾಣ ಅಂದ್ಲಂತೆ. ನಗ್ಬೇಡ, ನಿದ್ದೆ ಹಾರೋಗುತ್ತೆ. ಅವಳಿಗೂ ಎರಡು ಬಂದ್ವು.

ಪುಟ್ಟೀರಿ ಸ್ವಲ್ಪ ಧೈರ್ಯದೋಳು. ಹಿತ್ತಲ ಬದನೆ ಗಿಡ ಎಲ್ಲಾ ಟಗರಿನ ಹೊಟ್ಟೆ ಸೇರಿದ್ಮೇಲೆ, ತಲೆ ತಗ್ಗಿಸ್ಕೊಂಡು, ಮೆಲ್ಲಗೆ, ಅಪ್ಪಾ, ಸಾಕು ಅಂದ್ಲಂತೆ. ಸಾಕು ಅಂದ್ರೆ ಇನ್ನು ತರಬೇಡ ಅಂತ ಅವಳ ಲೆಕ್ಕ. ಸಾಕು ಅಂದ್ರೆ ಮೇವು ಹಾಕಿ ಬೆಳೆಸು ಅಂತ ಅಪ್ಪನ ಲೆಕ್ಕ! ಆಹಾ, ಒಬ್ಬಳಾದ್ರೂ ಬಾಯಿಬಿಟ್ಟು ಕೇಳಿದ್ಲಲ್ಲ ಅಂತ ಹಿಗ್ಗಿ ಹೀರೇಕಾಯಿ ಆಗಿ, ಊರಿಗೆ ಹೋಗಿ ಒಂದು ಹಿಂಡೇ ಸಾಕೋಕೆ ಶುರು ಮಾಡಿದನಂತೆ.

ಆಮೇಲೆ ಒಂದಿನ ಪುಟ್ಟೀರಿ ತವರಿಗೆ ಬಂದು ನೋಡ್ತಾಳೆ, ಒಳಮನೇಲಿ ಟಗರು, ಅಡುಗೆಮನೇಲಿ ಟಗರು, ಅಪ್ಪ ಮಾತ್ರ ಹೊರಗೆ ಜಗುಲಿ ಮೇಲೆ. ಮೈಯೆಲ್ಲ ಸೊರಗಿ ಕಡ್ಡಿ ಆಗಿದ್ದಾನೆ, ಗುಮ್ಮಿಸ್ಕೊಂಡು ಗುಮ್ಮಿಸ್ಕೊಂಡು ಸೊಂಟ ಬಾಗಿದೆ. ಇದೇನಪ್ಪಾ ಅಂದ್ರೆ, ನೀನೇ ಸಾಕು ಅಂದ್ಯಲ್ಲವ್ವ ಅಂದನಂತೆ. ಅವಳಿಗೆ ಕರುಳು ಕಿತ್ತು ಬಂತು. ನಿಜ ಹೇಳಿದ್ರೆ ಅಪ್ಪನ ಮನಸ್ಸು ಮುರಿಯುತ್ತೆ, ಹೇಳದೇ ಇದ್ರೆ ಅಪ್ಪನೇ ಉಳಿಯಲ್ಲ. ಅವನ ಕೈ ಹಿಡ್ಕೊಂಡು ಹೇಳೇಬಿಟ್ಲಂತೆ, ಅಪ್ಪಾ, ನಂಗೆ ಟಗರು ಬೇಡ, ಅಕ್ಕಂದಿರಿಗೂ ಬೇಡ, ನೀನು ಬಂದ್ರೆ ಅದೇ ನಮಗೆ ಹಬ್ಬ.

ಚೌಡಪ್ಪ ಕಣ್ಣೊರೆಸ್ಕೊಂಡು, ಹಂಗಾದ್ರೆ ನಾನೂ ಒಂದು ನಿಜ ಹೇಳ್ಲೇನವ್ವ ಅಂದನಂತೆ. ನೀವು ಮೂವರೂ ಡಬ್ಬಿ ಡಬ್ಬಿ ಚಕ್ಕಲಿ ಕಳಿಸ್ತೀರಲ್ಲ, ನನ್ನ ಬಾಯಲ್ಲಿ ಹಲ್ಲೆಲ್ಲಿದೆ? ಅದನ್ನೆಲ್ಲ ತಿಂದೇ ಈ ಟಗರು ಹಿಂಗೆ ಕೊಬ್ಬಿರೋದು!

ಅಪ್ಪ ಮಗಳು ಇಬ್ಬರೂ ಹೊಟ್ಟೆ ಹಿಡ್ಕೊಂಡು ನಕ್ಕರಂತೆ. ಆಮೇಲೆ ಹಿಂಡನ್ನೆಲ್ಲ ಕುರಿ ಕಾಯೋರಿಗೆ ಒಪ್ಪಿಸಿದ್ರು. ಅಲ್ಲಿಂದಾಚೆ ಚೌಡಪ್ಪ ಕೈ ಬೀಸ್ಕೊಂಡು ಮಕ್ಕಳ ಮನೆಗೆ ಹೋಗೋನಂತೆ, ಅವರು ಮೆತ್ತಗೆ ಅನ್ನ ಸಾರು ಕಲಸಿ ಕೊಡೋರಂತೆ. ಉಪ್ಪು ಜಾಸ್ತಿಯಾದ್ರೆ ಜಾಸ್ತಿ ಅಂತಾನೇ ಹೇಳೋನಂತೆ, ಅವರು ಸಿಡುಕೋರಂತೆ, ಆದ್ರೂ ಇನ್ನೊಂದು ತುತ್ತು ಹಾಕೋರಂತೆ. ಹಂಗೇ ಎಲ್ಲರೂ ಸುಖವಾಗಿದ್ರು, ಕತೆ ಮುಗೀತು, ಕಣ್ಣು ಮುಚ್ಚು ನನ್ನ ಬಂಗಾರ.